ಮಲೆನಾಡಿನ ಮನೆಗೆ ವೇಗದ ವ್ಯಾಗನ್: ಆರಿಸುವ ಮುಂಚೆ ಏನೇನು ಅಳೆಯಬೇಕು

ಮೊದಲು ಒಂದು ಟೇಪು ತಗೊಂಡು ನಿಮ್ಮ ಮನೆಯ ಗೇಟು ಅಳೆಯಿರಿ. ಆಮೇಲೆ ಗೇಟಿನಿಂದ ಟಾರು ರಸ್ತೆಯವರೆಗೆ ನಿಧಾನವಾಗಿ ನಡೆದು ಹೋಗಿ. ಹಂಪು, ಮೋರಿ, ತಿರುವು ಎಲ್ಲಾ ನೋಡಿಕೊಂಡು ಬನ್ನಿ. ಹೊರದೇಶದಿಂದ ಬರುವ ಪವರ್‌ಫುಲ್ ಸ್ಟೇಷನ್ ವ್ಯಾಗನ್ (ಛಾವಣಿ ಹಿಂದಿನವರೆಗೂ ಚಾಚಿ, ಡಿಕ್ಕಿ ಉದ್ದವಾಗಿರುವ ತಗ್ಗಿನ ಕಾರು) ನಿಮ್ಮ ಮನೆಗೆ ಹೊಂದುತ್ತದೋ ಇಲ್ಲವೋ ಅನ್ನುವುದು ಆ ದಾರಿಯಲ್ಲೇ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ. ಉಳಿದ ಕಾಲು ಪಾಲನ್ನು ಮನೆಯ ಅತಿ ಹಿರಿಯರು ಮತ್ತು ಅತಿ ಚಿಕ್ಕವರು ತೀರ್ಮಾನ ಮಾಡುತ್ತಾರೆ. ಹಾರ್ಸ್‌ಪವರ್ ಲೆಕ್ಕ ಕೊನೆಗೆ ಬರಲಿ.

ನಾವಿರುವುದು ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ರಸ್ತೆಯ ಕಡೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು, ಅತ್ತೆ, ಜೊತೆಗೊಂದು ಲ್ಯಾಬ್ರಡಾರ್. ತೋಟದ ಕೆಲಸಕ್ಕೆ ಹಳೇ ಜೀಪ್ ಇದೆ. ಮನೆಯ ಕಾರು ಸೆಕೆಂಡ್ ಹ್ಯಾಂಡ್ ಔಡಿ ಆರ್‌ಎಸ್ 6 ಅವಾಂಟ್, 2016ರದ್ದು. ಔಡಿಯವರು ತಮ್ಮ ವ್ಯಾಗನ್ನಿಗೆ ಅವಾಂಟ್ ಅನ್ನುತ್ತಾರೆ. ಹೆಚ್ಚಾಗಿ ಓಡಿಸುವವಳು ನಾನೇ. ಇಲ್ಲಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ಕಾರುಗಳು ಧೂಳೆಬ್ಬಿಸಿಕೊಂಡು ಹೋಗುವುದನ್ನು ನೋಡುತ್ತ ಬೆಳೆದವಳು ನಾನು. ಕಾರಿನ ಆಸೆ ಆಗಿನಿಂದಲೇ ಇದೆ. ಆದರೆ ಈ ಕಾರನ್ನು ಆರಿಸಿದ್ದು ಆಸೆಯೊಂದನ್ನೇ ನೋಡಿ ಅಲ್ಲ.

ಎಲ್ಲರೂ ಎಸ್‌ಯುವಿ ತಗೊಳ್ಳುವಾಗ ವ್ಯಾಗನ್ ಯಾಕೆ ಅಂತ ನೆಂಟರೆಲ್ಲ ಕೇಳುತ್ತಾರೆ. ನನ್ನ ಉತ್ತರ ಚಾರ್ಮಾಡಿ. ಕೊಟ್ಟಿಗೆಹಾರ ದಾಟಿ ಇಳಿಯಲು ಶುರು ಮಾಡಿದರೆ ತಿರುವಿನ ಮೇಲೆ ತಿರುವು. ಎತ್ತರದ ಗಾಡಿ ಪ್ರತಿ ತಿರುವಿನಲ್ಲೂ ಒಂದು ಕಡೆಗೆ ವಾಲಿ ಮತ್ತೆ ಇನ್ನೊಂದು ಕಡೆಗೆ ವಾಲುತ್ತದೆ. ಹಿಂದೆ ಕೂತ ಮಕ್ಕಳ ಹೊಟ್ಟೆ ಕಲಕಲು ಅಷ್ಟೇ ಸಾಕು. ನಮ್ಮ ಚಿಕ್ಕವಳು ಎಸ್‌ಯುವಿಯಲ್ಲಿ ಘಾಟಿ ಇಳಿದರೆ ವಾಂತಿ ಖಾತ್ರಿ. ವ್ಯಾಗನ್ನಿನ ಭಾರವೆಲ್ಲ ನೆಲದ ಹತ್ತಿರ ಇರುತ್ತದೆ. ವಾಲುವುದು ಕಮ್ಮಿ. ಸಸ್ಪೆನ್ಷನ್ ಚೆನ್ನಾಗಿದ್ದು, ಓಡಿಸುವವರು ಸ್ಟೇರಿಂಗ್ ಎಳೆದಾಡದಿದ್ದರೆ ಉಜಿರೆಯವರೆಗೂ ಮಗು ಕಿಟಕಿ ನೋಡಿಕೊಂಡು ಕೂರುತ್ತದೆ. ಇದು ನನ್ನ ಪಾಲಿಗೆ ಬಹಳ ದೊಡ್ಡ ಗುಣ.

ಇನ್ನೊಂದು ಡಿಕ್ಕಿ. ವ್ಯಾಗನ್ನಿನ ಡಿಕ್ಕಿಯ ಅಂಚು ತಗ್ಗಿನಲ್ಲಿರುತ್ತದೆ. ನಾಯಿ ತಾನೇ ಹತ್ತುತ್ತದೆ, ಇಳಿಯುತ್ತದೆ. ಅಕ್ಕಿ ಮೂಟೆಯನ್ನು ಎದೆಮಟ್ಟ ಎತ್ತಬೇಕಿಲ್ಲ. ಈ ಆರ್‌ಎಸ್ 6ರಲ್ಲಿ ಸೀಟು ಹಾಗೇ ಇದ್ದರೆ 565 ಲೀಟರ್, ಹಿಂದಿನ ಸೀಟು ಮಡಚಿದರೆ 1680 ಲೀಟರ್ ಜಾಗ. ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಡುವ ದಿನ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಸಾಮಾನನ್ನು ಸೀಟಿನ ಬೆನ್ನಿಗಿಂತ ಮೇಲೆ ಪೇರಿಸುವುದಾದರೆ ಸೀಟಿನ ಹಿಂದೆ ಕಟ್ಟುವ ಬಲೆ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಆ ಬಲೆ ಎಷ್ಟೋ ಸಲ ಕಳೆದುಹೋಗಿರುತ್ತದೆ. ಕೇಳಿ ಪಡೆಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೂಟ್‌ಕೇಸ್ ಮಗುವಿನ ತಲೆಗೆ ಬರಬಾರದು, ಅಲ್ವಾ?

ಆಯ್ಕೆ ಏನೇನಿದೆ? ನಮ್ಮ ದೇಶದಲ್ಲಿ ಬಹಳ ಇಲ್ಲ. ಇಲ್ಲಿನ ಜನ ವ್ಯಾಗನ್ನಿಗೆ ಯಾವತ್ತೂ ಮನಸ್ಸು ಕೊಟ್ಟಿಲ್ಲ. ಮಾರುತಿಯ ಬಲೆನೊ ಆಲ್ಟುರಾ, ಟಾಟಾದ ಇಂಡಿಗೊ ಮರೀನಾ ಬಂದವು, ಹೋದವು. ಔಡಿಯವರು 1994ರಲ್ಲಿ ಪೋರ್ಷೆ ಜೊತೆ ಸೇರಿ ಆರ್‌ಎಸ್ 2 ಅವಾಂಟ್ ಮಾಡಿದರು. 315 ಹಾರ್ಸ್‌ಪವರಿನ ಫ್ಯಾಮಿಲಿ ಕಾರು. ಈ ಜಾತಿಯ ಹೆಸರು ಮೇಲೆ ಬಂದಿದ್ದು ಅದರಿಂದ. ಅದೇ ವಂಶದ ಆರ್‌ಎಸ್ 6 ಅವಾಂಟ್ 2015ರಲ್ಲಿ ಭಾರತಕ್ಕೆ ಬಂತು. 4 ಲೀಟರಿನ ಟ್ವಿನ್ ಟರ್ಬೊ ವಿ8 (ಎಂಟು ಸಿಲಿಂಡರಿನ ಎಂಜಿನ್), 560 ಹಾರ್ಸ್‌ಪವರ್, ಎಕ್ಸ್ ಶೋರೂಮ್ ಬೆಲೆ 1.35 ಕೋಟಿ. ವೋಲ್ವೊ ವಿ90 ಕ್ರಾಸ್ ಕಂಟ್ರಿ 2017ರಲ್ಲಿ 60 ಲಕ್ಷಕ್ಕೆ ಬಂತು. 2 ಲೀಟರ್ ಡೀಸೆಲ್, 235 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಪವರ್. ಹೊರಗಡೆ ಈಗ ಬಿಎಂಡಬ್ಲ್ಯು ಎಂ5 ಟೂರಿಂಗ್ ಇದೆ. 2024ರಲ್ಲಿ ತೋರಿಸಿದ್ದು. ವಿ8 ಜೊತೆ ಮೋಟಾರು, ಬ್ಯಾಟರಿ ಸೇರಿ 727 ಹಾರ್ಸ್‌ಪವರ್. ತೂಕ ಮಾತ್ರ ಎರಡೂವರೆ ಟನ್ ಹತ್ತಿರ. ಅಷ್ಟು ಭಾರವನ್ನು ಶಿರಾಡಿಯಲ್ಲಿ ಇಳಿಸುವಾಗ ಬ್ರೇಕು, ಟೈರು ಎಷ್ಟು ದುಡಿಯಬೇಕು ಅಂತ ಯೋಚಿಸಿ ನೋಡಿ. ನನಗಂತೂ ಹಗುರವಾದದ್ದೇ ಇಷ್ಟ.

ಹೊಸದನ್ನೇ ಆಮದು ಮಾಡಿಸುತ್ತೇನೆ ಅನ್ನುವವರು ಮೊದಲು ಈ ಲೆಕ್ಕ ನೋಡಬೇಕು. ಹಡಗಿನ ಬಾಡಿಗೆ, ವಿಮೆ ಸೇರಿ ಬಂದರಿಗೆ ಬಂದಾಗಿನ ಬೆಲೆ 40,000 ಡಾಲರ್ ದಾಟಿದರೆ, 2025ರ ಬಜೆಟ್ ಪ್ರಕಾರ ಸುಂಕ ಶೇ 70, ಅದರ ಮೇಲೆ ಕೃಷಿ ಸೆಸ್ ಶೇ 40. ಒಟ್ಟು ಶೇ 110. ಕಾರು 80 ಲಕ್ಷದ್ದು ಅಂದುಕೊಳ್ಳಿ. ಸುಂಕವೇ 88 ಲಕ್ಷ. ಎರಡೂ ಸೇರಿ 1 ಕೋಟಿ 68 ಲಕ್ಷ. ಅದರ ಮೇಲೆ ಶೇ 40 ಜಿಎಸ್‌ಟಿ, ಅಂದರೆ 67 ಲಕ್ಷಕ್ಕೂ ಜಾಸ್ತಿ. ಅಲ್ಲಿಗೆ 2 ಕೋಟಿ 35 ಲಕ್ಷ ಆಯಿತು. ಇನ್ನು ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. 20 ಲಕ್ಷ ದಾಟಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಸೆಸ್, ಹತ್ತಿರ ಹತ್ತಿರ ಶೇ 20 ಆಗುತ್ತದೆ. ಮತ್ತೆ 47 ಲಕ್ಷ. 80 ಲಕ್ಷದ ಕಾರು ಮನೆಗೆ ಬರುವ ಹೊತ್ತಿಗೆ 2 ಕೋಟಿ 80 ಲಕ್ಷ ದಾಟಿರುತ್ತದೆ. ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ.

ನಿಯಮಗಳೂ ಇವೆ. ಸ್ಟೇರಿಂಗ್ ಬಲಗಡೆ ಇರಬೇಕು. ಹೆಡ್‌ಲೈಟ್ ಎಡಗಡೆ ಓಡಾಡುವ ದೇಶಕ್ಕೆ ಹೊಂದುವಂಥದ್ದಾಗಿರಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು. ಬಳಸಿದ ಕಾರನ್ನು ತರುವುದಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು. ದುಬೈಯಲ್ಲಿ ಚೀಪಾಗಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಸ್ಟೇರಿಂಗ್ ಯಾವ ಕಡೆ ಇದೆ ಅಂತ ಕೇಳಿ. ಅಲ್ಲಿಯ ಕಾರುಗಳದ್ದು ಎಡಗಡೆ. ಹಾಗಾಗಿ ನನ್ನ ಸಲಹೆ ಒಂದೇ. ಈಗಾಗಲೇ ಭಾರತಕ್ಕೆ ಬಂದು, ತೆರಿಗೆ ಕಟ್ಟಿ, ರಿಜಿಸ್ಟರ್ ಆಗಿರುವ ಕಾರನ್ನೇ ಹುಡುಕಿ. ಸುಂಕದ ಭಾರವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ.

ಈಗ ಹಂಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಇದನ್ನು ಯಾವ ಶೋರೂಮಿನಲ್ಲೂ ಹೇಳಿಕೊಡುವುದಿಲ್ಲ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿಗೆ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅಂಥ ಹಂಪಿನ ಮೇಲೆ ತಗ್ಗಿನ ಕಾರೂ ಆರಾಮಾಗಿ ಹೋಗುತ್ತದೆ. ನಮ್ಮ ಊರುಗಳಲ್ಲಿ ಇರುವುದು ಬೇರೆ. ಒಂದು ಟ್ರ್ಯಾಕ್ಟರ್ ಜಲ್ಲಿ, ಸ್ವಲ್ಪ ಟಾರು, ಒಂದು ಮೊಳ ಅಗಲ, ಮನಸ್ಸಿಗೆ ಬಂದಷ್ಟು ಎತ್ತರ. ಮುಂದಿನ ಚಕ್ರ ದಾಟಿದ ಮೇಲೆ ಹಂಪು ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ. ಹೊಟ್ಟೆ ತಾಗುವುದು ಆಗಲೇ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ) ಜೊತೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಉದ್ದ ಮುಖ್ಯವಾಗುವುದು ಇದಕ್ಕೇ. ಆರ್‌ಎಸ್ 6ರಲ್ಲಿ ಅದು 2.9 ಮೀಟರ್. ಎಂ5 ಟೂರಿಂಗಿನಲ್ಲಿ 3 ಮೀಟರ್.

ನಾನು ಮಾಡಿದ ಪರೀಕ್ಷೆ ಇದು, ನೀವೂ ಮಾಡಬಹುದು. ನೆಟ್ಟಗಿರುವ ಒಂದು ಮರದ ರೀಪು ತಗೊಳ್ಳಿ. ಉದ್ದ ನೀವು ನೋಡಿರುವ ಕಾರಿನ ಚಕ್ರದಿಂದ ಚಕ್ರಕ್ಕೆ ಇರುವಷ್ಟು. ಎರಡೂ ತುದಿಗೆ ಒಂದೊಂದು ಮರದ ತುಂಡು ಹೊಡೆಯಿರಿ. ತುಂಡಿನ ಎತ್ತರ ಕಾರಿನ ಗ್ರೌಂಡ್ ಕ್ಲಿಯರೆನ್ಸ್‌ಗಿಂತ 2 ಸೆಂಟಿಮೀಟರ್ ಕಮ್ಮಿ ಇರಲಿ. ಜನ, ಸಾಮಾನು ತುಂಬಿದಾಗ ಗಾಡಿ ಸ್ವಲ್ಪ ಕೂರುತ್ತದಲ್ಲ, ಅದಕ್ಕೆ. ಇದನ್ನು ಹಂಪಿನ ಆ ಕಡೆಗೊಂದು ಕಾಲು, ಈ ಕಡೆಗೊಂದು ಕಾಲು ಬರುವಂತೆ ಇಡಿ. ಹಂಪು ರೀಪಿಗೆ ತಾಗಿದರೆ ಕಾರಿನ ಹೊಟ್ಟೆಗೂ ತಾಗುತ್ತದೆ. ದಿನಾ ಓಡಾಡುವ ದಾರಿಯ ಪ್ರತಿ ಹಂಪಿಗೂ ಹೀಗೇ ಮಾಡಿ. ನಮ್ಮ ಶಾಲೆ ದಾರಿಯಲ್ಲಿ ರೀಪು ಹಿಡಿದು ನಿಂತಾಗ ಜನ ಪಂಚಾಯಿತಿ ಕೆಲಸವೇನೋ ಅಂದುಕೊಂಡು ಬಂದು ವಿಚಾರಿಸಿದರು. ವಿಷಯ ಹೇಳಿದ ಮೇಲೆ ಅವರೇ ಇನ್ನೊಂದು ತುದಿ ಹಿಡಿದುಕೊಂಡರು.

ಮೋರಿ ಇಳಿಜಾರಿಗೆ ಕಾರಿನ ಮೂತಿಯನ್ನು ಅಳೆಯಬೇಕು. ಮುಂದಿನ ಟೈರಿನಿಂದ ಬಂಪರಿನ ತುದಿಗೆ ಎಷ್ಟು ದೂರ, ಬಂಪರಿನ ಕೆಳ ಅಂಚು ನೆಲದಿಂದ ಎಷ್ಟು ಎತ್ತರ, ಇವೆರಡು ಸಾಕು. ವಿ90 ಕ್ರಾಸ್ ಕಂಟ್ರಿಗೆ 210 ಮಿಲಿಮೀಟರ್ ಕ್ಲಿಯರೆನ್ಸ್ ಇದೆ. ಅದಕ್ಕೆ ಈ ಪರೀಕ್ಷೆಯ ಚಿಂತೆಯೇ ಇಲ್ಲ. ಆರ್‌ಎಸ್ 6ರಂಥ ಕಾರು ನೆಲಕ್ಕೆ ಬಹಳ ಹತ್ತಿರ. ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ) ಇರುವವುಗಳಲ್ಲಿ ಗಾಡಿ ಎತ್ತುವ ಬಟನ್ ಇರುತ್ತದೆ. ಹೊಸ ತಲೆಮಾರಿನ ಆರ್‌ಎಸ್ 6ರಲ್ಲಿ ಅದರಿಂದ ಸಿಗುವುದು 20 ಮಿಲಿಮೀಟರ್. ಕಮ್ಮಿ ಅನ್ನಿಸಬಹುದು. ರೀಪಿನ ಪರೀಕ್ಷೆಯಲ್ಲಿ ಒಂದೆರಡು ಹಂಪು ಪಾಸಾಗಲು ಅಷ್ಟೇ ಬೇಕಾಗಿರುತ್ತದೆ. ಮನೆಯಿಂದ ಮುಖ್ಯ ರಸ್ತೆಯವರೆಗೆ ಮಣ್ಣಿನ ತೋಟದ ರಸ್ತೆಯೇ ಇದ್ದರೆ ಆರ್‌ಎಸ್ 6 ಬೇಡ. ಜೂನ್ ಬಂದ ಮೇಲೆ ಜೀಪಿನ ಚಕ್ರದ ಕೊರಕಲು ನಡುವೆ ಎದ್ದಿರುವ ಮಣ್ಣು ಅದರ ಹೊಟ್ಟೆಯನ್ನು ಉಜ್ಜಿಬಿಡುತ್ತದೆ. ವೋಲ್ವೊ ತಗೊಳ್ಳಿ. ಇಲ್ಲವೇ ಟಾರಿನ ತುದಿಯಲ್ಲಿ ಶೆಡ್ ಕಟ್ಟಿಸಿ, ಅಲ್ಲಿಯವರೆಗೆ ಜೀಪಿನಲ್ಲಿ ಬನ್ನಿ. ಮೂಡಿಗೆರೆ ಕಡೆ ಹಾಗೆ ಮಾಡಿರುವ ಮನೆಗಳನ್ನು ನಾನೇ ನೋಡಿದ್ದೇನೆ.

ಗೇಟಿನ ಅಗಲಕ್ಕೆ ಬರೋಣ. ಈ ಕಾರುಗಳು ಕನ್ನಡಿ ಬಿಟ್ಟೇ 1.9 ಮೀಟರ್ ದಾಟುತ್ತವೆ, ಕನ್ನಡಿ ಸೇರಿದರೆ 2 ಮೀಟರ್ ಮೇಲೆ. ಹಳೇ ಬಂಗಲೆಗಳ ಕಲ್ಲು ಕಂಬದ ನಡುವೆ ನೇರವಾಗಿ ಹೋಗಬಹುದು, ತಿರುಗಿಸಿಕೊಂಡು ಒಳಗೆ ಬರಲು ಕಷ್ಟ. ಉದ್ದವೂ 5 ಮೀಟರ್ ಆಸುಪಾಸು.

ಟೈರಿನ ಲೆಕ್ಕ ಎಲ್ಲರೂ ಕಲಿತಿರಬೇಕು. ಟೈರಿನ ಮೇಲೆ 285/30 ಆರ್21 ಅಂತ ಇದ್ದರೆ, 285 ಅನ್ನುವುದು ಅಗಲ, ಅದರಲ್ಲಿ ಶೇ 30 ಪಕ್ಕದ ಗೋಡೆಯ ಎತ್ತರ. ಅಂದರೆ 85 ಮಿಲಿಮೀಟರ್. 235/50 ಆರ್19 ಇದ್ದರೆ 117 ಮಿಲಿಮೀಟರ್. ಮಳೆಗಾಲದಲ್ಲಿ ಗುಂಡಿ ತುಂಬ ನೀರು, ಆಳ ಕಾಣುವುದಿಲ್ಲ. ಗೋಡೆ ತೆಳ್ಳಗಿದ್ದಷ್ಟೂ ಟೈರು ಸೀಳುವುದು, ರಿಮ್ ಬಾಗುವುದು ಜಾಸ್ತಿ. ಹಾಗಾಗಿ ಒಂದೇ ಮಾಡೆಲಿನ ಎರಡು ಕಾರು ಕಂಡರೆ ಚಿಕ್ಕ ರಿಮ್ ಇರುವುದನ್ನು ತಗೊಳ್ಳಿ. ನೋಡಲು ದೊಡ್ಡ ರಿಮ್ ಚೆಂದ, ಒಪ್ಪುತ್ತೇನೆ. ಆದರೆ ರಾತ್ರಿ ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ, ಮಕ್ಕಳನ್ನು ಕೂರಿಸಿಕೊಂಡು ನಿಲ್ಲುವವರು ನಾವು. ಇವುಗಳಲ್ಲಿ ಹೆಚ್ಚಿನವಕ್ಕೆ ಸ್ಟೆಪ್ನಿ ಇರುವುದಿಲ್ಲ. ಅಂಟು ತುಂಬುವ ಕಿಟ್ ಮಾತ್ರ. ಮೊಳೆ ಚುಚ್ಚಿದರೆ ಅದು ಕೆಲಸಕ್ಕೆ ಬರುತ್ತದೆ, ಪಕ್ಕದ ಗೋಡೆ ಸೀಳಿದರೆ ಪ್ರಯೋಜನ ಇಲ್ಲ. 2020ರಿಂದ ಟೈರು ಆಮದಿಗೆ ಸರ್ಕಾರದ ನಿರ್ಬಂಧವೂ ಇದೆ. ಇಂಥ ಅಪರೂಪದ ಸೈಜು ಬೇಕಾದ ದಿನ ಸಿಗದೇ ಹೋಗಬಹುದು. ಕಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ಬೆಂಗಳೂರು, ಮಂಗಳೂರಿನ ಟೈರು ಅಂಗಡಿಗಳಿಗೆ ಫೋನ್ ಮಾಡಿ. ಸೈಜು ಹೇಳಿ, ಸ್ಟಾಕ್ ಇದೆಯಾ ಕೇಳಿ. ಇಲ್ಲ ಅಂದರೆ ಆ ಕಾರನ್ನು ಮರೆತುಬಿಡಿ.

ಇನ್ನು ಮನೆಯವರ ಪರೀಕ್ಷೆ. ಹಿರಿಯರನ್ನು ಕರೆದುಕೊಂಡು ಹೋಗದೆ ಕಾರು ಒಪ್ಪಬೇಡಿ. ನಮ್ಮತ್ತೆಗೆ ಮಂಡಿನೋವು. ತಗ್ಗಿನ ಸೀಟಿನಲ್ಲಿ ಕೂರುವುದು ಸುಲಭ, ಏಳುವುದು ಕಷ್ಟ. ಅವರನ್ನು ಸುಮ್ನೆ ಒಂದು ಸಲ ಕೂರಿಸಿ ನೋಡಿದರೆ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಕೂತ ಮೇಲೆ, ಸೀರೆಯಲ್ಲಿ, ಯಾರೂ ಕೈ ಕೊಡದೆ ಇಳಿಯಲು ಹೇಳಿ. ಮುಂದಿನ ಸೀಟನ್ನು ಪೂರ್ತಿ ಮೇಲಕ್ಕೆತ್ತಿ ಕೂರಿಸಿದಾಗ ನಮ್ಮತ್ತೆ ಕಾಲು ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ತಾವೇ ಎದ್ದರು. ಅವತ್ತೇ ನಾವು ಆ ಕಾರಿನ ಮಾತು ಮುಂದುವರಿಸಿದ್ದು. ಅವರಿಗೆ ಆಗುವುದಿಲ್ಲ ಅಂದಿದ್ದರೆ ಎಷ್ಟೇ ಚೆಂದದ ಕಾರಾದರೂ ಬೇಡವಾಗಿತ್ತು.

ಹಿಂದಿನ ಸೀಟಿನಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಎರಡೂ ಬದಿಗೆ ಇದೆಯಾ ನೋಡಿ. ನಿಮ್ಮ ಮಕ್ಕಳ ಸೀಟನ್ನೇ ತಗೊಂಡು ಹೋಗಿ ಹಾಕಿ ನೋಡಿ. ಸ್ಪೋರ್ಟ್ಸ್ ಸೀಟುಗಳ ಅಂಚು ಉಬ್ಬಿರುತ್ತದೆ, ಕೆಲವು ಮಕ್ಕಳ ಸೀಟು ಸರಿಯಾಗಿ ಕೂರುವುದಿಲ್ಲ. ಎರಡು ಮಕ್ಕಳ ಸೀಟಿನ ನಡುವೆ ದೊಡ್ಡವರೊಬ್ಬರು ಕೂರಬಹುದು ಅಂದುಕೊಳ್ಳಬೇಡಿ. ಹಿಂದಿನ ಚಕ್ರಕ್ಕೆ ಪವರ್ ಹೋಗುವ ಶಾಫ್ಟ್ ನಡುವೆ ಇರುವುದರಿಂದ ನೆಲ ಅಲ್ಲಿ ಎತ್ತರ. ಕಾಲಿಡಲು ಜಾಗವಿಲ್ಲ. ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ಬರೆದಿದೆ ಅನ್ನುವುದನ್ನೂ ಓದಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವಾಗ ಹಿಂದಿನ ದಿನ ಸಂಜೆಯೇ ಮಾಲೀಕರಿಗೆ ಹೇಳಿ: ರಾತ್ರಿ ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಏರ್ ಸಸ್ಪೆನ್ಷನ್ ಲೀಕ್ ಇದ್ದರೆ ಒಂದು ಮೂಲೆ ಕುಸಿದಿರುತ್ತದೆ. ತಣ್ಣಗಿರುವ ಎಂಜಿನ್ನಿನ ಮೊದಲ ಸದ್ದು, ಮೊದಲ ಹೊಗೆ ನಿಮಗೇ ಸಿಗುತ್ತದೆ. ಆ ಕಾಲದ ಔಡಿಯ 4 ಲೀಟರ್ ವಿ8ರಲ್ಲಿ ಟರ್ಬೊಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಆಯಿಲ್ ಹೋಗುವ ದಾರಿಯಲ್ಲಿ ಒಂದು ಸಣ್ಣ ಜಾಲರಿ ಇದೆ. ಅದು ಕಟ್ಟಿಕೊಂಡರೆ ಟರ್ಬೊಗೆ ಆಯಿಲ್ ಸಾಲದೆ ಕೆಟ್ಟುಹೋಗುತ್ತದೆ. ಈ ತೊಂದರೆ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವುದೇ. ಜಾಲರಿ ಬದಲಿಸಿದ ಬಿಲ್ ಇದೆಯಾ ಕೇಳಿ. ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಾಗಿದೆ ಅನ್ನುವುದನ್ನು ಬಿಲ್ಲುಗಳಲ್ಲೇ ನೋಡಿ, ಬಾಯಿಮಾತು ನಂಬಬೇಡಿ. ಬ್ರೇಕ್ ಡಿಸ್ಕು ಸ್ಟೀಲಿನದೋ ಸೆರಾಮಿಕ್ಕೋ ತಿಳಿದುಕೊಳ್ಳಿ. ಸೆರಾಮಿಕ್ ಆದರೆ ಬದಲಿಸುವ ಖರ್ಚು ಲಕ್ಷಗಳಲ್ಲಿ. ನಮ್ಮ ಓಡಾಟಕ್ಕೆ ಸ್ಟೀಲ್ ಧಾರಾಳ ಸಾಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಕಮ್ಮಿ ಓಡಿದ ಕಾರುಗಳಲ್ಲಿ ಟೈರಿನ ಮೇಲಿನ ಗೆರೆಗಳು ಆಳವಾಗಿರುತ್ತವೆ, ರಬ್ಬರ್ ಮಾತ್ರ ಹಳೆಯದಾಗಿ ಗಟ್ಟಿಯಾಗಿರುತ್ತದೆ. ನಮ್ಮ ಮಳೆಗೆ ಅದು ಆಗುವುದಿಲ್ಲ. ಕೊನೆಗೆ ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಹೊಟ್ಟೆ ನೋಡಿ. ಹಿಂದಿನವರು ಯಾವ ಹಂಪಿಗೆ ಎಷ್ಟು ಉಜ್ಜಿದ್ದಾರೆ ಅಂತ ಅಲ್ಲಿ ಕಾಣುತ್ತದೆ.

ಪೆಟ್ರೋಲಿನ ಬಗ್ಗೆ ಧೈರ್ಯವಾಗಿ ಯೋಚಿಸಿ. ಈ ವಿ8ಗೆ 98 ಆಕ್ಟೇನಿನ (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದ ಗುಣದ ಅಳತೆ) ಪೆಟ್ರೋಲ್ ಹಾಕಬೇಕು ಅಂತ ಕಂಪನಿ ಹೇಳುತ್ತದೆ. ಇಂಡಿಯನ್ ಆಯಿಲಿನ ಎಕ್ಸ್‌ಪಿ100 (100 ಆಕ್ಟೇನಿನದು) ಆಯ್ದ ಊರುಗಳಲ್ಲಿ 2020ರಿಂದ ಸಿಗುತ್ತಿದೆ. ನಾನು ಬೆಂಗಳೂರಿಗೆ ಹೋದಾಗ ಟ್ಯಾಂಕ್ ತುಂಬಿಸುತ್ತೇನೆ. ಉಳಿದಂತೆ 95. ನಿಮ್ಮ ಊರಿನ ಬಂಕಿನಲ್ಲಿ 95 ಯಾವಾಗಲೂ ಇರುತ್ತದಾ ಅಂತ ವಿಚಾರಿಸಿ. ಟ್ಯಾಂಕಿನ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ. ಎಷ್ಟು ಎಥೆನಾಲ್ ಇರುವ ಪೆಟ್ರೋಲ್ ಆಗುತ್ತದೆ ಅಂತ ಅಲ್ಲಿರುತ್ತದೆ. ಮೈಲೇಜ್ ಘಾಟಿಯಲ್ಲಿ 5, ಹೆದ್ದಾರಿಯಲ್ಲಿ ಸಮಾಧಾನವಾಗಿ ಹೋದರೆ 9. ಮೆಲ್ಲಗೆ ಹೋಗುವಾಗ ಎಂಜಿನ್ ನಾಲ್ಕು ಸಿಲಿಂಡರನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ವರ್ಷಕ್ಕೆ ಬಹಳ ಓಡುವ ಮನೆಯಾದರೆ ಡೀಸೆಲ್ ವೋಲ್ವೊ ಪರವಾಗಿ ನಾನೇ ಮಾತಾಡುತ್ತೇನೆ.

ಇಷ್ಟೆಲ್ಲ ಇದ್ದಮೇಲೆ ಅಷ್ಟೊಂದು ಪವರ್ ಬೇಕಾ? ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಪವರಿಗಿಂತ ಬ್ರೇಕ್, ಹಿಡಿತ, ಸಸ್ಪೆನ್ಷನ್ ಮುಖ್ಯ. ಪವರ್ ಜಾಸ್ತಿ ಇರುವ ಕಾರಿಗೆ ಇವೂ ಉತ್ತಮವಾದವೇ ಬರುತ್ತವೆ. ನಾನು ದುಡ್ಡು ಕೊಟ್ಟಿದ್ದು ಅದಕ್ಕೆ. ಬೇಲೂರು-ಹಾಸನ ರಸ್ತೆಯಲ್ಲಿ ಮರಳಿನ ಲಾರಿ ಹಿಂದೆ ಸಿಕ್ಕಿಕೊಂಡಾಗ, ಎದುರಿಗೆ ದೂರದವರೆಗೆ ಖಾಲಿ ಕಂಡರೆ, ಎದುರು ಸಾಲಿನಲ್ಲಿ ಕೆಲವೇ ಕ್ಷಣ ಇದ್ದು ವಾಪಸ್ ಬರಬಹುದು. ಎದುರು ಸಾಲಿನಲ್ಲಿ ಇರುವ ಹೊತ್ತು ಕಮ್ಮಿಯಾದಷ್ಟೂ ಅಪಾಯ ಕಮ್ಮಿ. ಘಾಟಿ ಇಳಿಯುವಾಗ ಗೇರನ್ನು ಮ್ಯಾನ್ಯುಯಲ್‌ಗೆ ಹಾಕಿ, ಎಂಜಿನ್ ಹಿಡಿತದಲ್ಲೇ ಇಳಿಸಿ. 2 ಟನ್ ತೂಕವನ್ನು ಬ್ರೇಕಿನ ಮೇಲೇ ಬಿಡಬಾರದು.

ಸರ್ವೀಸ್ ಎಲ್ಲಿ ಅನ್ನುವುದನ್ನು ಕಾರು ನೋಡುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ನಮಗೆ ಒಂದು ಕಡೆ ಘಾಟಿ ಇಳಿದು ಮಂಗಳೂರು, ಇನ್ನೊಂದು ಕಡೆ ಬೆಂಗಳೂರು. ಎರಡೂ ಕಡೆಯ ವರ್ಕ್‌ಶಾಪಿಗೆ ಫೋನ್ ಮಾಡಿ ನಿಮ್ಮ ಮಾಡೆಲನ್ನು ಮುಟ್ಟಿದ ಅನುಭವ ಇದೆಯಾ ಕೇಳಿ. ಮಳೆಗಾಲದಲ್ಲಿ ಘಾಟಿ ಮುಚ್ಚಬಹುದು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿತ್ತು. ಹಾಗಾಗಿ ಸರ್ವೀಸನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಕೆಟ್ಟು ನಿಂತರೆ ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ. ನಾಲ್ಕು ಚಕ್ರಕ್ಕೂ ಪವರ್ ಇರುವ ಕಾರನ್ನು ಎರಡು ಚಕ್ರ ನೆಲದಲ್ಲಿಟ್ಟು ಎಳೆದರೆ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಹಾಳಾಗುತ್ತದೆ. ಊರಿನಲ್ಲಿ ಫ್ಲಾಟ್‌ಬೆಡ್ ಯಾರ ಹತ್ತಿರ ಇದೆ ಅಂತ ತಿಳಿದು ನಂಬರ್ ಬರೆದಿಟ್ಟುಕೊಳ್ಳಿ.

ಕಾಗದಪತ್ರ: ಕಾರು ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ಬೇಕು. ಇಲ್ಲಿ ಕಾರಿನ ವಯಸ್ಸು ನೋಡಿ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ 18 ಅಥವಾ ಕೆಎ 13 ನಂಬರ್ ಮಾಡಿಸಬೇಕು. ಎಷ್ಟಾಗುತ್ತದೆ ಅಂತ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅದನ್ನು ಕಾರಿನ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ. ಕರ್ನಾಟಕದ ಕಾರೇ ಸಿಕ್ಕರೆ ಈ ಖರ್ಚು ಉಳಿಯಿತು. ಪೆಟ್ರೋಲ್ ಕಾರಿನ ಆರ್‌ಸಿ 15 ವರ್ಷಕ್ಕೆ. 2016ರ ಕಾರಿಗೆ 2031ರಲ್ಲಿ ಮತ್ತೆ ಮಾಡಿಸಬೇಕು. ಇನ್ಶೂರೆನ್ಸ್ ಮಾಡಿಸುವಾಗ ಎಂಜಿನ್‌ಗೆ ನೀರು ನುಗ್ಗಿದರೂ ಹಣ ಸಿಗುವ ಆಡ್ ಆನ್ ಕೇಳಿ ಹಾಕಿಸಿ. ಅದಿಲ್ಲದೆ ಮಳೆಗಾಲ ಕಳೆಯಬೇಡಿ. ಜೊತೆಗೆ ನಾಲ್ಕು ಕಡೆ ಅಂಚು ಎದ್ದಿರುವ ರಬ್ಬರ್ ಮ್ಯಾಟ್, ಡಿಕ್ಕಿಗೂ ಒಂದು. ಶಾಲೆ ಬೂಟಿನ ಕೆಸರು, ನಾಯಿ ಮೈಯ ನೀರು, ಅದರ ಜೊತೆ ಬರುವ ಇಂಬಳ ಎಲ್ಲಾ ಅದರ ಮೇಲೇ ಉಳಿಯುತ್ತವೆ. ಹೊರಗೆ ತೆಗೆದು ಒಂದು ಸಲ ಪೈಪಿನಲ್ಲಿ ನೀರು ಬಿಟ್ಟರೆ ಮುಗಿಯಿತು.